ಬೀಬರ್‌ನ ಜಪಸರ ಸೊನಾಟಾಗಳು: ನಾಲ್ಕು ಧ್ವನಿಮುದ್ರಣ, ಹತ್ತು ವರ್ಷದ ಕೇಳ್ಮೆ

ನನ್ನ ಹತ್ತಿರ ಹದಿನೇಳನೆಯ ಶತಮಾನದ ಸಂಯೋಜಕ ಬೀಬರ್‌ನ ಜಪಸರ ಸೊನಾಟಾಗಳ, ಅಂದರೆ ಪಿಟೀಲಿಗಾಗಿ ಬರೆದ ಕೃತಿಗಳ, ನಾಲ್ಕು ಧ್ವನಿಮುದ್ರಣಗಳಿವೆ. ನುಡಿಸಿದ ಪಿಟೀಲುಗಾರರು ಜಾನ್ ಹಾಲೊವೇ, ರೈನ್‌ಹಾರ್ಡ್ ಗೋಬೆಲ್, ಆಂಡ್ರ್ಯೂ ಮ್ಯಾನ್ಜಿ, ರೇಚಲ್ ಪಾಡ್ಜರ್. ಮೊದಲನೆಯದು ಮನೆಗೆ ಬಂದು ಹತ್ತು ವರ್ಷ ದಾಟಿದೆ. ನಾಲ್ಕೂ ಆ ಕಾಲದ ಮಾದರಿಯ ಪಿಟೀಲಿನಲ್ಲಿ ನುಡಿಸಿದವು. ಅಂದರೆ ಕರುಳಿನ ತಂತಿ, ಹೊರಕ್ಕೆ ಬಾಗಿದ ಹಗುರವಾದ ಕಮಾನು. ಯಾವುದನ್ನು ಮೊದಲು ಕೊಳ್ಳಲಿ ಅಂತ ಗೆಳೆಯರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೈನ್‌ರಿಖ್ ಇಗ್ನಾಜ್ ಫ್ರಾಂಜ್ ಬೀಬರ್ 1644ರಲ್ಲಿ ಬೊಹೀಮಿಯಾದಲ್ಲಿ ಹುಟ್ಟಿದವನು. ಮೊದಲು ಕ್ರೊಮೆರೀಜ್ ಊರಿನಲ್ಲಿ ಓಲೊಮೌಟ್ಸ್‌ನ ಬಿಷಪ್‌ನ ಬಳಿ ಕೆಲಸಕ್ಕಿದ್ದ. 1670ರಲ್ಲಿ ಅಪ್ಪಣೆ ಇಲ್ಲದೆ ಅಲ್ಲಿಂದ ಹೊರಟು ಸಾಲ್ಜ್‌ಬರ್ಗ್ ಸೇರಿದ. 1704ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದ. ಕ್ಯಾಥೊಲಿಕರು ಜಪಸರ ಎಣಿಸುತ್ತಾ ನೆನೆಯುವ ಯೇಸು, ಮರಿಯಳ ಬದುಕಿನ ಹದಿನೈದು ಘಟನೆಗಳಿಗೆ, ಅಂದರೆ ರಹಸ್ಯಗಳಿಗೆ, ಒಂದೊಂದು ಸೊನಾಟಾ, ಕೊನೆಗೆ ಒಂಟಿ ಪಿಟೀಲಿಗೆ ಒಂದು ಪಸಕಾಲಿಯ, ಅಂದರೆ ಮರಳಿ ಮರಳಿ ಬರುವ ಒಂದೇ ಸ್ವರಸಾಲಿನ ಮೇಲೆ ಹೆಣೆದ ಕೃತಿ. ಇದರ ಹಸ್ತಪ್ರತಿ ಮ್ಯೂನಿಕ್‌ನಲ್ಲಿದೆ. ಮೊದಲ ಪುಟ ಕಳೆದುಹೋಗಿದೆ, ಹಾಗಾಗಿ ಅವನು ಇಟ್ಟ ಹೆಸರೇ ನಮಗೆ ಸಿಕ್ಕಿಲ್ಲ. ಅಚ್ಚಾಗಿದ್ದು 1905ರಲ್ಲಿ.

ಇದರ ಜೀವ ಇರುವುದು ಶ್ರುತಿಯಲ್ಲಿ. ಹದಿನಾರರಲ್ಲಿ ಹದಿನಾಲ್ಕಕ್ಕೆ ಪಿಟೀಲಿನ ತಂತಿಗಳನ್ನು ಬೇರೆ ಬೇರೆ ಸ್ವರಕ್ಕೆ ಬಿಗಿಯಬೇಕು, ಇಲ್ಲವೇ ಸಡಿಲಿಸಬೇಕು. ಇದಕ್ಕೆ ಸ್ಕೋರ್ಡಟೂರಾ ಅನ್ನುತ್ತಾರೆ. ಬರೆದದ್ದು ಒಂದು, ಕೇಳಿಸುವುದು ಇನ್ನೊಂದು. ಹಾಳೆಯಲ್ಲಿರುವುದು ಬೆರಳು ಎಲ್ಲಿಡಬೇಕು ಎಂಬುದಷ್ಟೇ.

ಕರ್ನಾಟಕ ಸಂಗೀತದ ಪಿಟೀಲು ಕಲಿತವರಿಗೆ ಇದು ತುಂಬಾ ಹತ್ತಿರದ ವಿಷಯ. ನಾವೂ ಪಾಶ್ಚಾತ್ಯ ಶ್ರುತಿ ಬಿಟ್ಟು ಸ ಪ ಸ ಪ ಅಂತ ಸೇರಿಸುತ್ತೇವೆ, ಅಲ್ವಾ? ಹನ್ನೊಂದನೆಯ ಸೊನಾಟಾದಲ್ಲಿ, ಅಂದರೆ ಕ್ರಿಸ್ತನ ಪುನರುತ್ಥಾನದಲ್ಲಿ, ಬೀಬರ್ ಹೆಚ್ಚುಕಡಿಮೆ ಅದನ್ನೇ ಮಾಡುತ್ತಾನೆ. ಆಮೇಲೆ ನಡುವಿನ ಎರಡು ತಂತಿಗಳನ್ನು ಅದಲುಬದಲು ಮಾಡಿಸುತ್ತಾನೆ. ಕುದುರೆಯ ಹಿಂದೆ ಒಮ್ಮೆ, ಬಿರಡೆಗಳ ಹತ್ತಿರ ಒಮ್ಮೆ, ತಂತಿಗಳು ಒಂದನ್ನೊಂದು ದಾಟಿ ಶಿಲುಬೆಯಾಗುತ್ತವೆ. ಆಗ ಸಿಗುವುದು ಸ ಸ ಪ ಪ. ಮನೆಯಲ್ಲಿದ್ದ ಹಳೆಯ ಪಿಟೀಲಿನಲ್ಲಿ ಒಂದು ಭಾನುವಾರ ನಾನೇ ಇದನ್ನು ಮಾಡಿ ನೋಡಿದೆ. ಒಂದೇ ಬೆರಳನ್ನು ಎರಡು ತಂತಿಗಳ ಮೇಲೆ ಅಡ್ಡ ಇಟ್ಟರೆ ಒಂದು ಸ್ಥಾಯಿ ಅಂತರದ ಜೋಡಿ ಸ್ವರ ತಾನಾಗಿ ಬರುತ್ತದೆ. ಸೊನಾಟಾದ ನಡುವೆ ಬರುವ ಈಸ್ಟರ್ ಹಾಡು ಆ ಜೋಡಿ ದನಿಯಲ್ಲೇ ಮೇಲೇಳುವುದು. ಜೋಡಿ ತಂತಿ ಕಟ್ಟಿ ಏಳು ತಂತಿಯ ಪಿಟೀಲು ಮಾಡಿಕೊಂಡ ಮೈಸೂರು ಟಿ. ಚೌಡಯ್ಯನವರು ಆವತ್ತು ನೆನಪಾದರು. ವಾದ್ಯವನ್ನು ಇದ್ದ ಹಾಗೆ ಒಪ್ಪಿಕೊಳ್ಳದವರು ಇಬ್ಬರೂ.

ಹಳೆಯ ಮಾದರಿಯ ವಾದ್ಯವೇ ಯಾಕೆ ಬೇಕು ಅನ್ನುವುದಕ್ಕೆ ಆರನೆಯ ಸೊನಾಟಾ ಕೇಳಿ. ಸಾವಿನ ಮುನ್ನ ಗೆತ್ಸೆಮನೆ ತೋಟದಲ್ಲಿ ಕ್ರಿಸ್ತ ಪಟ್ಟ ಸಂಕಟ. ಕೆಳಗಿನ ಎರಡು ತಂತಿಗಳು ಅರ್ಧ ಸ್ವರ ಮೇಲೆ, ಮೇಲಿನ ಎರಡು ಒಂದು ಸ್ವರ ಕೆಳಗೆ. ಕರುಳಿನ ತಂತಿಯಲ್ಲಿ ಆಗ ದನಿ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಬರುತ್ತದೆ. ಹನ್ನೆರಡನೆಯದರಲ್ಲಿ, ಅಂದರೆ ಕ್ರಿಸ್ತ ಸ್ವರ್ಗಕ್ಕೇರುವಲ್ಲಿ, ತದ್ವಿರುದ್ಧ. ಅತಿ ಕೆಳಗಿನ ತಂತಿಯನ್ನು ಎರಡೂವರೆ ಸ್ವರದಷ್ಟು ಬಿಗಿದು, ಪಿಟೀಲು ತುತ್ತೂರಿಯಂತೆ ಮೊಳಗುತ್ತದೆ. ವಾದ್ಯದ ಮೈಯೇ ಆ ಕಥೆ ಹೇಳುತ್ತದೆ. ಅದನ್ನು ಮುಚ್ಚಿ ನುಣುಪು ಮಾಡಿದ ಧ್ವನಿಮುದ್ರಣ ನನಗೆ ಬೇಡ.

ಈಗ ನಾಲ್ಕರ ಬಗ್ಗೆ. ಹಾಲೊವೇ ಅವರದಕ್ಕೆ 1991ರಲ್ಲಿ ಗ್ರಾಮಫೋನ್ ಪತ್ರಿಕೆಯ ಪ್ರಶಸ್ತಿ ಬಂದಿತ್ತು. ಡೇವಿಟ್ ಮೊರೊನಿ ಅವರ ಆರ್ಗನ್, ಹಾರ್ಪ್ಸಿಕಾರ್ಡ್. ಜೊತೆಗೆ ಟ್ರಾಜಿಕೊಮೀಡಿಯಾ ತಂಡದ ಲ್ಯೂಟ್, ಹಾರ್ಪ್. ಒಂದೊಂದು ಸೊನಾಟಾಕ್ಕೂ ಬಣ್ಣ ಬೇರೆ. ನಿಧಾನವಾಗಿ ಉಸಿರಾಡುತ್ತದೆ. ಬೆಳಗಿನ ಹೊತ್ತಿಗೆ ನಾನು ಹಾಕುವುದು ಇದನ್ನೇ. ಗೋಬೆಲ್ ಮತ್ತು ಅವರ ತಂಡ ಮ್ಯೂಸಿಕಾ ಆಂಟಿಕ್ವಾ ಕೋಲ್ನ್ ಚುರುಕು, ಚೂಪು. ಹತ್ತನೆಯ ಸೊನಾಟಾದಲ್ಲಿ, ಕ್ರಿಸ್ತ ಶಿಲುಬೆಯಲ್ಲಿ ಸತ್ತಾಗ ಬರುವ ಕೊನೆಯ ಭೂಕಂಪ ಅವರಲ್ಲಿ ನಿಜಕ್ಕೂ ಎದೆ ನಡುಗಿಸುತ್ತದೆ. ಆದರೆ ಒಂದೇ ಸಲಕ್ಕೆ ಜಾಸ್ತಿ ಕೇಳಿದರೆ ಕಿವಿ ದಣಿಯುತ್ತದೆ. 2004ರ ಮ್ಯಾನ್ಜಿ ಧ್ವನಿಮುದ್ರಣದಲ್ಲಿ ಹೆಚ್ಚುಪಾಲು ಅವರು ಮತ್ತು ಆರ್ಗನ್, ಹಾರ್ಪ್ಸಿಕಾರ್ಡ್ ನುಡಿಸುವ ರಿಚರ್ಡ್ ಎಗರ್ ಇಬ್ಬರೇ. ಕಮಾನಿನ ಸಣ್ಣ ಉಜ್ಜು ಕೂಡ ಕೇಳಿಸುತ್ತದೆ. ಮೊದಲ ವರ್ಷ ಅದು ನನಗೆ ಬರಡು ಅನ್ನಿಸಿತ್ತು. ಈಗ ಹನ್ನೊಂದನೆಯ ಸೊನಾಟಾಕ್ಕೆ ನಾನು ಹೋಗುವುದು ಅಲ್ಲಿಗೇ. 2015ರ ಪಾಡ್ಜರ್ ಅವರದು ಬೆಚ್ಚಗಿದೆ, ಕುಣಿಯುತ್ತದೆ. ಹದಿನಾಲ್ಕನೆಯದನ್ನು ಅವರು ನುಡಿಸಿದರೆ ಸುಮ್ನೆ ಕೂರಲು ಆಗುವುದಿಲ್ಲ. ಹೊಸಬರು ಇಲ್ಲಿಂದ ಶುರು ಮಾಡಿ.

ತೊಂದರೆಗಳೂ ಇವೆ. ನಾನು ತರಿಸಿದ ಒಂದು ಪೆಟ್ಟಿಗೆ ಒಡೆದು ಬಂತು, ಒಂದು ಸಿಡಿಯ ಮೇಲೆ ಗೀರು. ಅಂಗಡಿಯವರು ಬದಲಿಸಿ ಕೊಡಲು ವಾರಗಳೇ ಹಿಡಿದವು. ಫೋನಿನ ಆಪ್‌ನಲ್ಲಿ ಕೇಳಿದರೆ ಇನ್ನೊಂದು ಕಷ್ಟ. ಸೊನಾಟಾಗಳ ನಡುವೆ ಬಿಡುವೇ ಇರಲಿಲ್ಲ, ಹೆಸರುಗಳೂ ಅರ್ಧಕ್ಕೆ ಕತ್ತರಿಸಿದ್ದವು. ಶ್ರುತಿ ಬದಲಾಗುವಾಗ ಕಿವಿಗೆ ಸ್ವಲ್ಪ ಮೌನ ಬೇಕು. ಸಂತೋಷದ ಐದು, ದುಃಖದ ಐದು, ಮಹಿಮೆಯ ಐದು. ಒಂದು ಸಂಜೆಗೆ ಒಂದು ಗುಂಪು ಸಾಕು. ಎರಡು ಸಿಡಿಗಳನ್ನು ಒಟ್ಟಿಗೆ ಮುಗಿಸಬೇಡಿ.

ಇದು ಹಿಡಿಸಿದವರು ಬೀಬರ್‌ಗಿಂತ ಹಿರಿಯ ಸಂಯೋಜಕ ಶ್ಮೆಲ್ಜರ್ ಕಡೆ ಹೋಗಬಹುದು. 1664ರಲ್ಲಿ ಅಚ್ಚಾದ ಅವನ ಆರು ಸೊನಾಟಾಗಳನ್ನೂ ಹಾಲೊವೇ ಮುದ್ರಿಸಿದ್ದಾರೆ. ಬೀಬರ್‌ನದೇ ಇನ್ನೊಂದು ಮುಖ ಬೇಕಾದರೆ ಐವತ್ಮೂರು ದನಿಗಳ ಸಾಲ್ಜ್‌ಬರ್ಗ್ ಮಾಸ್, ಅಂದರೆ ಚರ್ಚಿನ ಪೂಜೆಯ ಸಂಗೀತ, ಇದೆ. ಅದನ್ನು ಬಹಳ ಕಾಲ ಬೇರೆಯವರ ಕೃತಿ ಅಂತ ತಿಳಿದಿದ್ದರು. ಅದಕ್ಕೆ ಒಳ್ಳೆಯ ಸ್ಪೀಕರ್ ಬೇಕೇ ಬೇಕು.

ನಾನಂತೂ ಹೆಚ್ಚು ಕೇಳಿರುವುದು ಪಸಕಾಲಿಯ. ಹಸ್ತಪ್ರತಿಯಲ್ಲಿ ಅದರ ಪಕ್ಕಕ್ಕೆ ಮಗುವಿನ ಕೈ ಹಿಡಿದ ಕಾವಲು ದೇವದೂತನ ಚಿತ್ರವಿದೆ. ಶ್ರುತಿ ಮತ್ತೆ ಮಾಮೂಲಿಗೆ ಬಂದಿರುತ್ತದೆ, ಜೊತೆಗೆ ಯಾರೂ ಇಲ್ಲ. ಸ ನಿ ದ ಪ, ನಾಲ್ಕೇ ಸ್ವರ ಇಳಿಯುತ್ತವೆ. ಅರವತ್ತೈದು ಸಲ. ಅದರ ಮೇಲೆ ಪಿಟೀಲು ಹೆಣೆಯುತ್ತಾ ಹೋಗುತ್ತದೆ. ಅಷ್ಟು ಹೊತ್ತು ಸಾಧಾರಣ ಗಾಂಧಾರದಲ್ಲಿದ್ದದ್ದು ಕೊನೆಯ ಕಮಾನಿಗೆ ಅಂತರ ಗಾಂಧಾರವಾಗುತ್ತದೆ. ಆ ಒಂದು ಸ್ವರಕ್ಕಾಗಿ ಎಷ್ಟೋ ರಾತ್ರಿ ದೀಪ ಆರಿಸಿ, ಕೊನೆಯವರೆಗೂ ಕೂತಿದ್ದೇನೆ.