ಟೆಸ್ಟ್‌ಬೆಡ್ ನೋಡ್‌ಗಳಿಗೆ ದೂರದಿಂದ ಕಮಾಂಡ್: ಎಸ್‌ಎಸ್‌ಎಚ್ ಲೂಪ್, ಕ್ಲಶ್, ಆನ್ಸಿಬಲ್

ಟೆಸ್ಟ್‌ಬೆಡ್‌ನ (ಪ್ರಯೋಗಕ್ಕೆ ಮೀಸಲಾದ ಕಂಪ್ಯೂಟರ್ ಜಾಲದ) ನೋಡ್‌ಗಳಿಗೆ, ಅಂದರೆ ಅದರ ಒಂದೊಂದು ಕಂಪ್ಯೂಟರಿಗೆ, ದೂರದಿಂದ ಕಮಾಂಡ್ ಕಳಿಸುವ ಮೂರು ದಾರಿಗಳ ಹೋಲಿಕೆ ಇದು: ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಬಳಸಿ ನೋಡ್‌ಗಳಿಗೆ ಸರದಿಯಂತೆ ಹೋಗುವ ಲೂಪ್, ಒಂದೇ ಕಮಾಂಡನ್ನು ಹಲವು ನೋಡ್‌ಗಳಿಗೆ ಒಟ್ಟಿಗೆ ಕಳಿಸುವ ಕ್ಲಶ್ (clush), ಮತ್ತು ನೋಡ್‌ಗಳನ್ನು ಬೇಕಾದ ಸ್ಥಿತಿಗೆ ತರುವ ಆನ್ಸಿಬಲ್ (Ansible). ಈ ಮೂರೂ ಸಾಮಾನ್ಯವಾಗಿ ಎಸ್‌ಎಸ್‌ಎಚ್ ಮೂಲಕವೇ ಕೆಲಸ ಮಾಡುವುದರಿಂದ, ಲಾಗಿನ್‌ಗೆ ಬೇಕಾದ ಕೀಲಿಗಳನ್ನು (ಪಾಸ್‌ವರ್ಡ್ ಬದಲು ಬಳಸುವ ಫೈಲ್‌ಗಳನ್ನು) ಮೊದಲೇ ಹಂಚಿಟ್ಟಿದ್ದರೆ ನೋಡ್‌ಗಳಲ್ಲಿ ಪ್ರತ್ಯೇಕ ಏಜೆಂಟ್ (ಕಮಾಂಡ್ ಸ್ವೀಕರಿಸುವ ಸಹಾಯಕ ತಂತ್ರಾಂಶ) ಸ್ಥಾಪಿಸಬೇಕಾಗಿಲ್ಲ.

ವೇಗದಲ್ಲಿ ವ್ಯತ್ಯಾಸ ದೊಡ್ಡದು. ಸಾದಾ ಲೂಪ್ ಒಂದಾದ ಮೇಲೊಂದು ನೋಡ್‌ಗೆ ಹೋಗುವುದರಿಂದ, ಸಂಪರ್ಕದ ಕಾಲಮಿತಿಯನ್ನು ನಿಗದಿಪಡಿಸದಿದ್ದರೆ, ಸ್ತಬ್ಧವಾದ ಒಂದೇ ನೋಡ್ ಉಳಿದೆಲ್ಲವನ್ನೂ ಕಾಯಿಸುತ್ತದೆ. ಕ್ಲಶ್ ಸಾಮಾನ್ಯವಾಗಿ 64 ನೋಡ್‌ಗಳನ್ನು ಏಕಕಾಲಕ್ಕೆ ತಲುಪುತ್ತದೆ. ಆನ್ಸಿಬಲ್‌ನ ಮೂಲ ಮಿತಿ ಕೇವಲ 5, ಆದರೆ ಅದನ್ನು ಹೆಚ್ಚಿಸಿಕೊಳ್ಳಬಹುದು.

ನನ್ನ ದೃಷ್ಟಿಯಲ್ಲಿ ವೇಗಕ್ಕಿಂತಲೂ ಮುಖ್ಯವಾದದ್ದು ಫಲಿತಾಂಶವನ್ನು ಓದುವ ಸೌಲಭ್ಯ. ಕ್ಲಶ್‌ಗೆ ‘-b’ ಆಯ್ಕೆ ಕೊಟ್ಟರೆ ಒಂದೇ ಬಗೆಯ ಉತ್ತರಗಳು ಒಟ್ಟುಗೂಡುತ್ತವೆ. ಹೀಗಾಗಿ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಆವೃತ್ತಿ ಬೇರೆಯಿರುವ ಒಂಟಿ ನೋಡ್, ಪ್ರಯೋಗವನ್ನು ಕೆಡಿಸುವ ಮೊದಲೇ, ತಟ್ಟನೆ ಕಣ್ಣಿಗೆ ಬೀಳುತ್ತದೆ.

ನೋಡ್‌ಗಳನ್ನು ಪದೇ ಪದೇ ಒಂದೇ ಸ್ಥಿತಿಗೆ ತರಬೇಕಾದವರಿಗೆ ಆನ್ಸಿಬಲ್ ಸೂಕ್ತ. ಆದರೆ ಅದರ ಶೆಲ್ ಮಾಡ್ಯೂಲ್ (ಕೊಟ್ಟ ಕಮಾಂಡನ್ನು ಇದ್ದಂತೆಯೇ ನಡೆಸುವ ಘಟಕ), ಷರತ್ತು ವಿಧಿಸದಿದ್ದರೆ, ಕಮಾಂಡನ್ನು ಪ್ರತಿಬಾರಿಯೂ ನಡೆಸುತ್ತದೆ ಎಂಬುದನ್ನು ಮರೆಯಬಾರದು. ಅದರ ಬಹುತೇಕ ಮಾಡ್ಯೂಲ್‌ಗಳಿಗೆ ನೋಡ್‌ನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ತಂತ್ರಾಂಶ ಇರಬೇಕು; ಅದಿಲ್ಲದ ಪುಟ್ಟ ಸಾಧನಗಳಿದ್ದರೆ ಕ್ಲಶ್ ಮೇಲು. ನಾಲ್ಕೈದು ನೋಡ್‌ಗಳನ್ನು ಅಪರೂಪಕ್ಕೊಮ್ಮೆ ಪರಿಶೀಲಿಸುವವರಿಗೆ ಕಾಲಮಿತಿ ಸೇರಿಸಿದ ಲೂಪ್ ಧಾರಾಳವಾಗಿ ಸಾಕು.