ಬಿಸಿಎಎ ಡಬ್ಬಿ, ವರ್ಷದ ಬಳಕೆಯ ಮೇಲೆ: ಒಗ್ಗರಣೆ ಘಮ್ಮೆಂದಿತು, ಸಾರೇ ಇರಲಿಲ್ಲ

ಬಿಸಿಎಎ ಎಂದರೆ ಜಿಮ್ಮಿಗೆ ಹೋಗುವವರು ನೀರಿನಲ್ಲಿ ಕಲಸಿ ಕುಡಿಯುವ ಪುಡಿ. ಪ್ರೋಟೀನಿನ ಬಿಡಿ ಇಟ್ಟಿಗೆಗಳಾದ ಅಮೈನೊ ಆಮ್ಲಗಳಲ್ಲಿ ಮೂರು ಇದರಲ್ಲಿವೆ, ಮುಖ್ಯವಾದದ್ದು ಲ್ಯೂಸಿನ್. ಶೇಕರಿಗೆ ಮೊದಲು ನೀರು, ಆಮೇಲೆ ಪುಡಿ. ತಿರುಗಾಮುರುಗಾ ಮಾಡಿದರೆ ಕುದಿಯುವ ಎಸರಿಗೆ ರಾಗಿ ಹಿಟ್ಟು ಒಮ್ಮೆಲೇ ಸುರಿದ ಹಾಗೆ: ತಳದಲ್ಲಿ ಗಂಟು, ಮೇಲೆ ನೊರೆ, ಗೋಡೆಗೆ ಅಂಟಿದ ಬಿಳಿ ಚುಕ್ಕೆ. ಪುಡಿ ಕೆಟ್ಟದ್ದು ಅಂತ ಅಂಗಡಿಯವರ ಮೇಲೆ ಹರಿಹಾಯುವ ಮುನ್ನ ಇದು ಗೊತ್ತಿರಲಿ. ಲ್ಯೂಸಿನ್‌ಗೆ ನೀರು ಕಂಡರೆ ಆಗದು. ಒಂದು ಲೀಟರ್ ನೀರಿನಲ್ಲಿ ಸುಮಾರು 24 ಗ್ರಾಂ ಕರಗುತ್ತದೆ, ಅಂದರೆ ಒಂದು ಸ್ಕೂಪಿನ ಎರಡೂವರೆ ಗ್ರಾಂ ಕರಗಲು ಜಾಗ ಧಾರಾಳ. ಆದರೆ ಕಣಗಳು ಒದ್ದೆಯಾಗಲು ಒಪ್ಪುವುದಿಲ್ಲ, ತೇಲುತ್ತವೆ. ಅದಕ್ಕೇ ತಯಾರಕರು ಸೋಯಾ ಅಥವಾ ಸೂರ್ಯಕಾಂತಿ ಲೆಸಿಥಿನ್ ಸವರಿ ‘ಇನ್‌ಸ್ಟಂಟ್’ ಎಂದು ಬರೆಯುವುದು. ಸೋಯಾ ಅಲರ್ಜಿ ಇದ್ದವರು ಆ ಸಾಲನ್ನು ಕಣ್ಣಿಟ್ಟು ಓದಬೇಕು.

ಚೆನ್ನಾಗಿ ಕೂಡುವ ಕ್ರಮ ಇದು. ಮಣ್ಣಿನ ಗಡಿಗೆಯ ನೀರು 600 ಮಿಲಿ. ಫ್ರಿಜ್ಜಿನ ನೀರಾದರೆ ಕರಗುವುದು ತಡ. ಪುಡಿಯನ್ನು ಮೇಲೆ ಉದುರಿಸಿ ಎರಡು ನಿಮಿಷ ಸುಮ್ಮನೆ ಬಿಡಿ, ಅದು ತಾನಾಗಿ ತೊಯ್ದು ಕೆಳಗಿಳಿಯಲಿ. ಮುಚ್ಚಳ ಹಾಕಿ ಹತ್ತು ಸಲ ಮಗುಚಿ, ಕುಲುಕಬೇಡಿ. ಕುಲುಕಿದರೆ ಬರುವುದು ನೊರೆ, ನೊರೆಯಲ್ಲಿ ಸಿಕ್ಕಿಕೊಳ್ಳುವುದು ಪುಡಿ. ಇನ್ನೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಮಗುಚಿದರೆ ಎಳನೀರಿಗಿಂತ ತುಸು ಮಬ್ಬಾದ ಪಾನೀಯ ಸಿದ್ಧ. ಶೂ ಲೇಸು ಕಟ್ಟಿಕೊಳ್ಳುವಷ್ಟರಲ್ಲಿ ಆಗುವ ಕೆಲಸ.

ಈ ಪುಡಿಯಲ್ಲಿ ನಿಜಕ್ಕೂ ಹಿಡಿಸಿದ್ದು ಇಲ್ಲೇ ಇದೆ. ಲ್ಯೂಸಿನ್, ಐಸೊಲ್ಯೂಸಿನ್ ಎರಡೂ ಕಹಿ. ಆ ಕಹಿ ಮುಚ್ಚಲು ಸಿಟ್ರಿಕ್ ಆಮ್ಲ, ಸುಕ್ರಲೋಸ್, ನಿಂಬೆಯ ಪರಿಮಳ ಎಲ್ಲ ದಂಡಿಯಾಗಿ ಬೀಳುತ್ತವೆ. 250 ಮಿಲಿಯಲ್ಲಿ ಕಲಸಿದರೆ ನಾಲಿಗೆಯ ಮೇಲೆ ಕರಗಿಸಿದ ಮಾತ್ರೆಯ ರುಚಿ. 600ಕ್ಕೆ ಹಿಗ್ಗಿಸಿದರೆ ಮಾತ್ರ ಹಿತ. ಹಾಗಾಗಿ ಕುಡಿಯುವವರು ಬೇರೆ ದಾರಿಯಿಲ್ಲದೆ ಒಂದು ಗಂಟೆಯಲ್ಲಿ ಅರ್ಧ ಲೀಟರಿಗೂ ಮೇಲೆ ನೀರು ಕುಡಿಯುತ್ತಾರೆ. ಸ್ಕ್ವಾಟ್ ಸೆಟ್ಟಿನ ನಡುವೆ ಎರಡು ಗುಟುಕು, ರೋಯಿಂಗ್ ಮುಗಿಸಿ ಮೂರು. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಲ್ಲೋ ಫ್ಯಾನು ಮಾತ್ರ ಇರುವ ಜಿಮ್ಮಿನಲ್ಲಿ ಇದರ ಬೆಲೆ ಏನೆಂದು ಹೋದವರಿಗೇ ಗೊತ್ತು. ಕೊನೆಯ ಸೆಟ್ಟುಗಳು ಕುಸಿಯದಿರುವುದು, ಮನೆಗೆ ಬಂದಾಗ ತಲೆ ಭಾರವಾಗದಿರುವುದು, ‘ರಿಕವರಿ’ ಎಂದು ಜನ ಹೊಗಳುವುದರಲ್ಲಿ ದೊಡ್ಡ ಪಾಲು ಈ ನೀರಿನದ್ದೇ.

ಹಾಗಾದರೆ ದುಡ್ಡು ಕೊಡುತ್ತಿರುವುದು ಯಾವುದಕ್ಕೆ?

ವಾರಕ್ಕೆ ನಾಲ್ಕು ದಿನ ಭಾರ ಎತ್ತಿದರೆ ವರ್ಷಕ್ಕೆ 208 ದಿನ. 30 ಸ್ಕೂಪಿನ ಡಬ್ಬಿ ಏಳು ಬೇಕು. ಡಬ್ಬಿಗೆ 1,300 ರೂಪಾಯಿ ಹಿಡಿದರೂ 9,100. ಒಂದು ಶೇಕರಿಗೆ 43 ರೂಪಾಯಿ. ಅದರಲ್ಲಿ ಬರುವುದು 5 ಗ್ರಾಂ ಬಿಸಿಎಎ, ಗ್ಲುಟಮಿನ್, ಸಿಟ್ರುಲಿನ್ ಎಂಬ ಇನ್ನೆರಡು ಅಮೈನೊ ಆಮ್ಲ ಒಂದಿಷ್ಟು, ಹೆಸರಿಗೆ ಸೋಡಿಯಂ. ಬೆವರಿನಲ್ಲಿ ಹೋಗುವ ಉಪ್ಪನ್ನು ತುಂಬಲು ಅಡುಗೆಮನೆಯ ಉಪ್ಪೇ ವಾಸಿ: 1 ಗ್ರಾಮಿನಲ್ಲಿ ಸುಮಾರು 390 ಮಿಲಿಗ್ರಾಂ ಸೋಡಿಯಂ. ನೀರು, ನಿಂಬೆ, ಚಿಟಿಕೆ ಉಪ್ಪು ಸೇರಿದರೆ ಐದು ರೂಪಾಯಿಯ ಒಳಗೆ ಮುಗಿಯುವ ವ್ಯವಹಾರವಿದು.

ಉಳಿದ ಮೂವತ್ತೆಂಟು ರೂಪಾಯಿ ಸ್ನಾಯುವಿಗೆ ಎಂದು ಡಬ್ಬಿ ಹೇಳುತ್ತದೆ. ಅಲ್ಲಿಂದ ನನ್ನ ಮುಖ ಗಂಟಿಕ್ಕುತ್ತದೆ.

ಸ್ನಾಯು ಕಟ್ಟಲು ದೇಹಕ್ಕೆ 20 ಬಗೆಯ ಅಮೈನೊ ಆಮ್ಲ ಬೇಕು. ಅದರಲ್ಲಿ ಒಂಬತ್ತನ್ನು ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಬಿಸಿಎಎ ಎಂದರೆ ಆ ಒಂಬತ್ತರಲ್ಲಿ ಮೂರು: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್, ಟ್ರಿಪ್ಟೊಫಾನ್, ಫಿನೈಲಲನಿನ್, ಹಿಸ್ಟಿಡಿನ್ ಈ ಡಬ್ಬಿಯಲ್ಲಿಲ್ಲ. ಲ್ಯೂಸಿನ್‌ಗೆ ಒಂದು ವಿಶೇಷ ಗುಣವಿದೆ ನಿಜ. ಜೀವಕೋಶದೊಳಗಿನ ಎಂಟಾರ್ ಎಂಬ ವ್ಯವಸ್ಥೆಗೆ ‘ಕಟ್ಟಲು ಶುರುಮಾಡು’ ಎಂಬ ಸಂಕೇತ ಕೊಡುವುದು ಅದೇ. ಊಟಕ್ಕೆ ಎರಡರಿಂದ ಮೂರು ಗ್ರಾಂ ಲ್ಯೂಸಿನ್ ಸಿಕ್ಕಿದರೆ ಸಂಕೇತ ಜೋರಾಗಿಯೇ ಕೇಳಿಸುತ್ತದೆ. ಆದರೆ ಸಂಕೇತ ಕೊಟ್ಟ ಮಾತ್ರಕ್ಕೆ ಸಾಮಾನು ಬರುವುದಿಲ್ಲವಲ್ಲ. ಒಗ್ಗರಣೆ ಚಟಪಟ ಎಂದಿತು, ಇಂಗಿನ ಘಮ ಪಕ್ಕದ ಮನೆಗೂ ಹೋಯಿತು, ಪಾತ್ರೆಯಲ್ಲಿ ಸಾರೇ ಇಲ್ಲ. ಆಗ ದೇಹ ಏನು ಮಾಡುತ್ತದೆ? ಉಳಿದ ಆರನ್ನು ತನ್ನದೇ ಸ್ನಾಯು ಒಡೆದು ತೆಗೆಯಬೇಕು. ಇದ್ದ ಗೋಡೆಯ ಇಟ್ಟಿಗೆ ಕಿತ್ತು ಹೊಸ ಗೋಡೆ ಎಬ್ಬಿಸುವ ಕೆಲಸ.

2017ರಲ್ಲಿ ಸಂಶೋಧಕ ರಾಬರ್ಟ್ ವುಲ್ಫ್ ಈ ವಿಷಯದ ಹಳೆಯ ಪ್ರಯೋಗಗಳನ್ನು ಹರಡಿಕೊಂಡು ನೋಡಿದರು. ಬಿಸಿಎಎ ಒಂದನ್ನೇ ರಕ್ತನಾಳಕ್ಕೆ ಹರಿಸಿದ ಮಾನವ ಪ್ರಯೋಗಗಳಲ್ಲಿ ಸ್ನಾಯು ಒಡೆಯುವುದೂ ಇಳಿದಿತ್ತು, ಕಟ್ಟುವುದೂ ಇಳಿದಿತ್ತು. ಬರೀ ಬಿಸಿಎಎಯಿಂದ ಸ್ನಾಯು ಬೆಳೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ ಎಂದೇ ಅವರು ಬರೆದರು. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗವನ್ನು ಡಬ್ಬಿ ಮಾರುವವರು ಎತ್ತಿಹಿಡಿಯುತ್ತಾರೆ. ಭಾರ ಎತ್ತಿದ ಹತ್ತು ಯುವಕರಿಗೆ 5.6 ಗ್ರಾಂ ಬಿಸಿಎಎ ಕೊಟ್ಟಾಗ ಸ್ನಾಯು ಪ್ರೋಟೀನ್ ತಯಾರಿ, ಬಿಸಿಎಎ ಇಲ್ಲದ ಹುಸಿ ಪಾನೀಯ ಕುಡಿದಾಗಿನದಕ್ಕಿಂತ 22% ಹೆಚ್ಚಿತ್ತು. ಸುಳ್ಳಲ್ಲ. ಆದರೆ ಪೂರ್ತಿ ಮಾತೆಂದರೆ, ಅಷ್ಟೇ ಬಿಸಿಎಎ ಇರುವ ವೇ ಪ್ರೋಟೀನಿನಿಂದ (ಹಾಲಿನ ತಿಳಿನೀರಿನಿಂದ ತೆಗೆದ ಪುಡಿ) ಬೇರೆ ಪ್ರಯೋಗಗಳಲ್ಲಿ ಸಿಕ್ಕ ಫಲದ ಸುಮಾರು ಅರ್ಧ ಅದು. ಅದೂ ಕೆಲವು ಗಂಟೆಗಳ ಅಳತೆ, ತಿಂಗಳಾನುಗಟ್ಟಲೆ ಬೆಳೆದ ತೋಳಿನ ಅಳತೆಯಲ್ಲ.

ಒಂದು ಸ್ಕೂಪ್ ವೇಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್. ಅದರೊಳಗೇ ಐದು ಗ್ರಾಮಿಗೂ ಮೇಲೆ ಬಿಸಿಎಎ ಕೂತಿರುತ್ತದೆ, ಉಳಿದ ಆರು ಸಂಗಾತಿಗಳ ಸಮೇತ. ವೇ ಕುಡಿಯುವವರು ಮೇಲೆ ಬಿಸಿಎಎ ಕೊಳ್ಳುವುದು ಟಿಕೆಟ್ ತೆಗೆದುಕೊಂಡ ಮೇಲೆ ಕಂಡಕ್ಟರಿಗೆ ಮತ್ತೊಮ್ಮೆ ದುಡ್ಡು ಕೊಟ್ಟ ಹಾಗೆ. ಎರಡನ್ನೂ ಜೋಡಿ ಆಫರಿನಲ್ಲಿ ಕಟ್ಟಿ ಕೊಡುವ ಟ್ರೈನರುಗಳಿಗೆ ಇದು ಗೊತ್ತಿಲ್ಲ ಎಂದು ನಂಬುವುದು ಕಷ್ಟ.

ವೇ ಬೇಡ, ಅಡುಗೆಮನೆಯ ಲೆಕ್ಕವೇ ಸಾಕು. ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ ಆರು ಮೊಟ್ಟೆ: 36 ಗ್ರಾಂ ಪ್ರೋಟೀನ್, ಅದರಲ್ಲಿ ಮೂರು ಗ್ರಾಂ ಲ್ಯೂಸಿನ್. ಐವತ್ತರ ಆಸುಪಾಸಿನಲ್ಲಿ ಒಂದು ಲೀಟರ್ ನಂದಿನಿ ಹಾಲು: 32 ಗ್ರಾಂ ಪ್ರೋಟೀನ್, ಲ್ಯೂಸಿನ್ ಮತ್ತೆ ಮೂರರ ಹತ್ತಿರ. ಎಲ್ಲಕ್ಕಿಂತ ಅಗ್ಗ ಸೋಯಾ ಚಂಕ್ಸ್, ಒಣಗಿದ 100 ಗ್ರಾಮಿನಲ್ಲಿ 52 ಗ್ರಾಂ. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ಹಿಂಡಿ ನೀರು ಚೆಲ್ಲಿದರೆ ಆ ಹಸಿ ವಾಸನೆ ಹೋಗುತ್ತದೆ. ಹಿಂಡದೆ ಪಲ್ಯಕ್ಕೆ ಹಾಕಿ ‘ಸೋಯಾ ಚೆನ್ನಾಗಿಲ್ಲ’ ಅನ್ನುವವರೇ ಹೆಚ್ಚು.

ಈಗ ದಿನದ ಒಟ್ಟು ಲೆಕ್ಕ. ಪ್ರೋಟೀನ್ ಮತ್ತು ಸ್ನಾಯು ಬೆಳವಣಿಗೆಯ 49 ಅಧ್ಯಯನಗಳನ್ನು ಒಟ್ಟು ಸೇರಿಸಿದ 2018ರ ವಿಶ್ಲೇಷಣೆಯ ಪ್ರಕಾರ, ಕಿಲೋ ತೂಕಕ್ಕೆ 1.6 ಗ್ರಾಂ ದಾಟಿದ ಮೇಲೆ ಹೆಚ್ಚುವರಿ ಪ್ರೋಟೀನಿನಿಂದ ಹೇಳಿಕೊಳ್ಳುವ ಲಾಭವಿಲ್ಲ. 70 ಕಿಲೋದವರಿಗೆ 112 ಗ್ರಾಂ. ನಮ್ಮ ಸಸ್ಯಾಹಾರಿ ಊಟ ಎಷ್ಟು ಕೊಡುತ್ತದೆ? 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 7, ಸಾರಿಗೆ ಬಿದ್ದ 30 ಗ್ರಾಂ ತೊಗರಿಬೇಳೆಯಲ್ಲಿ 7, ಅನ್ನದಿಂದ 10, ಎರಡು ಲೋಟ ಹಾಲಿನಿಂದ 13, ಒಂದು ಬಟ್ಟಲು ಮೊಸರಿನಿಂದ 7, ಹಿಡಿ ಕಡಲೆಕಾಯಿ ಬೀಜದಿಂದ 7. ಒಟ್ಟು 51. ಕೊರತೆ 61 ಗ್ರಾಂ. ಇಷ್ಟು ದೊಡ್ಡ ಹೊಂಡಕ್ಕೆ ಐದು ಗ್ರಾಂ ಬಿಸಿಎಎ ಸುರಿದರೆ ತಳವೂ ಮುಚ್ಚದು. ಹೊಂಡವೇ ಇಲ್ಲದವರಿಗೆ, ಅಂದರೆ 112 ಗ್ರಾಂ ತಿನ್ನುವವರಿಗೆ, ಊಟದಲ್ಲೇ ಸುಮಾರು 20 ಗ್ರಾಂ ಬಿಸಿಎಎ ಸಿಕ್ಕಿರುತ್ತದೆ. ಇಬ್ಬರಿಗೂ ಡಬ್ಬಿ ಬೇಡ, ಕಾರಣ ಬೇರೆ ಬೇರೆ.

ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನುಪಾತದ ಜಾಹೀರಾತೂ ಒಂದು ತಮಾಷೆ. 8:1:1 ಎಂದರೆ 2:1:1ಕ್ಕಿಂತ ನಾಲ್ಕು ಪಟ್ಟು ಬಲ ಅಂತ ಅಲ್ಲ. ಐದು ಗ್ರಾಮಿನಲ್ಲಿ ನಾಲ್ಕು ಗ್ರಾಂ ಲ್ಯೂಸಿನ್, ಉಳಿದೆರಡು ಅರ್ಧರ್ಧ ಗ್ರಾಂ, ಅಷ್ಟೇ. ‘ಕ್ಯಾಲರಿ ಸೊನ್ನೆ’ ಅನ್ನುವುದೂ ಹಾಗೆಯೇ. ಅಮೈನೊ ಆಮ್ಲವೂ ಗ್ರಾಮಿಗೆ ಹೆಚ್ಚುಕಡಿಮೆ ನಾಲ್ಕು ಕ್ಯಾಲರಿ ಕೊಡುತ್ತದೆ, ಲ್ಯೂಸಿನ್ ಇನ್ಸುಲಿನ್ನನ್ನೂ ಏರಿಸುತ್ತದೆ. ಇದನ್ನು ಕುಡಿದು ಉಪವಾಸದಲ್ಲಿದ್ದೇನೆ ಅನ್ನುವವರು ಉಪ್ಪಿಟ್ಟು ತಿಂದು ಏಕಾದಶಿ ಮಾಡುವವರ ಸಾಲಿಗೆ ಸೇರುತ್ತಾರೆ. (ಅವಲಕ್ಕಿಯ ಉಪ್ಪಿಟ್ಟಾದರೆ ನಡೆಯುತ್ತದೆ ಎಂಬ ವಾದವೂ ಉಂಟು.)

ಯಾರೂ ಬರೆಯದ ದೂರು ಇನ್ನೊಂದಿದೆ, ಹಲ್ಲು. ಹಲ್ಲಿನ ಎನಾಮಲ್ ಕರಗಲು ಶುರುವಾಗುವುದು ಪಿಎಚ್ 5.5ರ ಸುತ್ತ (ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು). ಸಿಟ್ರಿಕ್ ಆಮ್ಲದ ಇಂಥ ಪಾನೀಯಗಳು ಸಾಮಾನ್ಯವಾಗಿ 3ರಿಂದ 4ರ ನಡುವೆ ಇರುತ್ತವೆ. ಮೇಲೆ ಹೊಗಳಿದ ಆ ಗುಟುಕು ಗುಟುಕು ಕುಡಿಯುವ ರೂಢಿಯೇ ಇಲ್ಲಿ ವೈರಿ, ಒಂದು ಗಂಟೆಯುದ್ದಕ್ಕೂ ಹಲ್ಲಿಗೆ ಹುಳಿ ಸ್ನಾನ. ಬಾಯಲ್ಲಿ ಉಸಿರಾಡುವುದರಿಂದ ಜೊಲ್ಲೂ ಒಣಗಿರುತ್ತದೆ. ತಣ್ಣನೆಯದು ಕುಡಿದಾಗ ಹಲ್ಲು ಜುಂ ಅನ್ನಲು ಶುರುವಾದರೆ ಪೇಸ್ಟ್ ಬದಲಿಸುವ ಮೊದಲು ಶೇಕರ್ ಕಡೆ ನೋಡಿ. ಪಕ್ಕದಲ್ಲಿ ಬರೀ ನೀರಿನ ಬಾಟಲಿ ಇಟ್ಟು ಪ್ರತಿ ಗುಟುಕಿನ ಮೇಲೆ ಬಾಯಿ ಮುಕ್ಕಳಿಸಿ, ಮುಗಿದ ಕೂಡಲೇ ಹಲ್ಲುಜ್ಜಬೇಡಿ, ಅರ್ಧ ಗಂಟೆಯಾದರೂ ಬಿಡಿ. ನಿಂಬೆ ಷರಬತ್ತಿಗೂ ಇದೇ ಮಾತು ಅನ್ವಯ. ಅದನ್ನು ಒಂದೇ ಸಲಕ್ಕೆ ಕುಡಿದು ಮುಗಿಸಿ, ಸೆಟ್ಟುಗಳ ನಡುವೆ ಬರೀ ನೀರು ಕುಡಿಯಿರಿ.

ಇಷ್ಟೆಲ್ಲ ಬೈದ ಮೇಲೆ, ಯಾರಿಗೆ ಉಪಯೋಗ ಎಂದೂ ಹೇಳಬೇಕು. ಒಂಬತ್ತೂ ಇರುವ ಇಎಎ ಪುಡಿ ಬೇರೆ ಜಾತಿ. ಬೆಳಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಜಿಮ್ಮಿಗೆ ಹೋಗುವವರು, ಹಾಲಿನ ಯಾವ ಪುಡಿಯೂ ಹೊಟ್ಟೆಗೆ ಒಗ್ಗದವರು, ಹಸಿವು ಕುಗ್ಗಿದ ಅರವತ್ತು ದಾಟಿದವರು, ಇವರಿಗೆ ಹತ್ತು ಗ್ರಾಂ ಇಎಎ ಅರ್ಥವಿರುವ ಖರ್ಚು. ವಯಸ್ಸಾದಂತೆ ಸ್ನಾಯು ಕಿವುಡಾಗುತ್ತದೆ, ಅದೇ ಸಂಕೇತಕ್ಕೆ ಹೆಚ್ಚು ಲ್ಯೂಸಿನ್ ಕೇಳುತ್ತದೆ. ಆದರೆ ಇಎಎ ಇನ್ನೂ ದುಬಾರಿ, ಮೆಥಿಯೊನಿನ್‌ನ ಗಂಧಕದ ವಾಸನೆ ಬೇರೆ. ಮುಚ್ಚಳ ತೆಗೆದರೆ ಬೇಯಿಸಿದ ಕೋಸಿನ ನೆನಪು. ರಾತ್ರಿ ತೊಳೆಯದೆ ಬಿಟ್ಟ ಶೇಕರನ್ನು ಮರುದಿನ ತೆಗೆಯುವ ಧೈರ್ಯ ಬೇಡ. ಮುಚ್ಚಳದ ಸಿಲಿಕೋನ್ ಉಂಗುರವನ್ನು ವಾರಕ್ಕೊಮ್ಮೆ ಬಿಡಿಸಿ ಅಡುಗೆ ಸೋಡಾ ನೀರಲ್ಲಿ ನೆನೆಸದಿದ್ದರೆ ವಾಸನೆ ಅಲ್ಲೇ ಮನೆ ಮಾಡುತ್ತದೆ.

ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಪುಡಿಗಳ ಸುದ್ದಿಗೆ ಹೋಗಬಾರದು.

ಕೊಳ್ಳಲೇಬೇಕೆಂದರೆ ಮೂರು ಕಡೆ ಕಣ್ಣು ಹಾಯಿಸಿ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ 14 ಅಂಕಿಯದ್ದಿರಬೇಕು. ಪ್ರತಿ ಅಮೈನೊ ಆಮ್ಲದ ಗ್ರಾಂ ಬೇರೆ ಬೇರೆ ಬರೆದಿರಬೇಕು, ‘ವಿಶೇಷ ಮಿಶ್ರಣ 8 ಗ್ರಾಂ’ ಎಂದು ಗುಡ್ಡೆ ಹಾಕಿದ್ದರೆ ಅಲ್ಲಿಗೇ ಬಿಡಿ. ಸಸ್ಯಾಹಾರಿಗಳು ಹಸಿರು ಚುಕ್ಕೆಯ ಜೊತೆ ‘ಹುದುಗಿಸಿ ತಯಾರಿಸಿದ್ದು’ ಎಂಬ ಮಾತನ್ನೂ ಹುಡುಕಲಿ. ಹಕ್ಕಿ ಗರಿ, ಕೂದಲನ್ನು ಆಮ್ಲದಲ್ಲಿ ಬೇಯಿಸಿ ಅಮೈನೊ ಆಮ್ಲ ತೆಗೆಯುವ ಹಳೆಯ ವಿಧಾನ ಪೂರ್ತಿ ಕಣ್ಮರೆಯಾಗಿಲ್ಲ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ಬೇರೆಯೇ ಪಾಡು. ಸಿಟ್ರಿಕ್ ಆಮ್ಲ ತೇವ ಹೀರಿ ಜೂನ್ ಕೊನೆಗೆ ಪುಡಿ ಬೆಲ್ಲದಚ್ಚಿನಂತೆ ಗಟ್ಟಿಯಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ತೆಗೆದಾಗಲೆಲ್ಲ ಬೆವರಿ ಇನ್ನೂ ಕೆಡುತ್ತದೆ. ತೇವ ಹೀರುವ ಚೀಲ ಎಸೆಯಬೇಡಿ, ಒದ್ದೆ ಸ್ಕೂಪ್ ಒಳಗೆ ಬಿಡಬೇಡಿ. ಗಟ್ಟಿಯಾದದ್ದನ್ನು ಕುಟ್ಟಿ ಬಳಸಬಹುದು, ಆದರೆ ಸ್ಕೂಪಿನ ಅಳತೆ ನಂಬುವಂತಿಲ್ಲ, ತೂಗಬೇಕು.

ಮನೆಯಲ್ಲಿ ಅರ್ಧ ಡಬ್ಬಿ ಉಳಿದಿದ್ದರೆ ಚೆಲ್ಲುವುದು ಬೇಡ. ಬೇಳೆ ತೆಳ್ಳಗಿರುವ ದಿನ ಊಟದ ಜೊತೆ ಕುಡಿಯಿರಿ, ಉಳಿದ ಆರು ಅಷ್ಟೋ ಇಷ್ಟೋ ಅನ್ನ ಸಾರಿನಿಂದ ಬರುತ್ತವೆ. ಅದು ಮುಗಿದ ಮೇಲೆ ಅದೇ ದುಡ್ಡಿನಲ್ಲಿ, ಭಾರ ಎತ್ತುವ ಬಲಕ್ಕೆ ನೆರವಾಗುವ ಕ್ರಿಯಾಟಿನ್ ಮೊನೊಹೈಡ್ರೇಟ್ ಪುಡಿ ಕೊಳ್ಳಿ. ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ. ಪುಡಿಗಳ ಅಂಗಡಿಯಲ್ಲಿ ಇಷ್ಟು ಗಟ್ಟಿ ಆಧಾರವಿರುವುದು ಇನ್ನೊಂದಿಲ್ಲ. ಖಾಲಿ ಡಬ್ಬಿಗೆ ಹುರಿಗಡಲೆ ತುಂಬಿಡಬಹುದು, ಮುಚ್ಚಳ ಬಿಗಿಯಾಗಿದೆ, ಮೆತ್ತಗಾಗುವುದಿಲ್ಲ. ಹಳೆಯ ಸ್ಕೂಪನ್ನು ಮಾತ್ರ ಕ್ರಿಯಾಟಿನ್ ಅಳೆಯಲು ಇಟ್ಟುಕೊಳ್ಳಬೇಡಿ. ಅದು ಹತ್ತು ಗ್ರಾಂ ಹಗುರ ಪುಡಿಗೆ ಮಾಡಿದ್ದು, ಕ್ರಿಯಾಟಿನ್ ಅದರಲ್ಲಿ ಬೇಕಾದ್ದಕ್ಕಿಂತ ಎರಡು ಪಟ್ಟು ಹಿಡಿಯುತ್ತದೆ.