ಟೊಮೆಟೊ ಮಂಡಿಯ ಕ್ಯಾಮೆರಾಗಳಿಗೆ ಯಾವ ಹಾರ್ಡ್ ಡಿಸ್ಕ್: ಓಡಿಸಿ ನೋಡಿದ ಮೇಲಿನ ಹೋಲಿಕೆ

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿರುವ ನಮ್ಮ ಟೊಮೆಟೊ ಮಂಡಿಯ ಕ್ಯಾಮೆರಾಗಳಿಗಾಗಿ ಈವರೆಗೆ ನಾಲ್ಕು ಬಗೆಯ ಹಾರ್ಡ್ ಡಿಸ್ಕ್‌ಗಳನ್ನು ಬಳಸಿದ್ದೇನೆ. ಮೊದಲನೆಯದು ಮೇಜಿನ ಕಂಪ್ಯೂಟರಿಗೆಂದು ಮಾಡಿದ ಸಾಮಾನ್ಯ ಡಿಸ್ಕ್. ಎರಡನೆಯದು ದೊಡ್ಡ ಸರ್ವರ್‌ಗಳಲ್ಲಿ ದುಡಿದು ಹೊರಬಂದ ಹಳೆಯ ಡಿಸ್ಕ್. ಮೂರನೆಯ ಬಗೆ ಕಣ್ಗಾವಲಿಗೆಂದೇ ತಯಾರಾಗುವ 8 ಟಿಬಿಯ ಡಬ್ಲ್ಯೂಡಿ ಪರ್ಪಲ್ ಮತ್ತು ಸೀಗೇಟ್ ಸ್ಕೈಹಾಕ್, ನಾಲ್ಕನೆಯದು ಅದೇ ಸಾಲಿನ ಮೇಲ್ದರ್ಜೆಯ 10 ಟಿಬಿಯ ಸ್ಕೈಹಾಕ್ ಎಐ. ಇವುಗಳ ನಡುವೆ ಆಯ್ಕೆ ಮಾಡುವಾಗ ಬಹುತೇಕರು ಮೊದಲು ನೋಡುವುದು ಎಷ್ಟು ಟಿಬಿ, ಎಷ್ಟು ರೂಪಾಯಿ ಎಂಬುದನ್ನು. ನಾನೂ ಹಾಗೆಯೇ ನೋಡಿದ್ದೆ. ವರ್ಷಕ್ಕೆ ಆ ಡಿಸ್ಕ್ ಮೇಲೆ ಒಟ್ಟು ಎಷ್ಟು ಬರೆಯಲಿದ್ದೇವೆ ಎಂಬ ಲೆಕ್ಕ ಹಾಕದೆ ಕೊಂಡದ್ದರಿಂದ ಒಬ್ಬ ರೈತನ ಮುಂದೆ ಉತ್ತರವಿಲ್ಲದೆ ನಿಲ್ಲಬೇಕಾಯಿತು.

ಅದು 2023ರ ಜುಲೈ. ಹದಿನೈದು ಕಿಲೋ ಪೆಟ್ಟಿಗೆಯ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದ ದಿನಗಳು. ಶ್ರೀನಿವಾಸಪುರದ ಕಡೆಯ ರೈತರೊಬ್ಬರು ತಾವು 84 ಪೆಟ್ಟಿಗೆ ಇಳಿಸಿದ್ದಾಗಿ ಹೇಳಿದರು, ನಮ್ಮ ಪುಸ್ತಕದಲ್ಲಿ 74 ಎಂದಿತ್ತು. ಹತ್ತು ಪೆಟ್ಟಿಗೆ ಎಂದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಣ. ಕ್ಯಾಮೆರಾ ಇದೆಯಲ್ಲ, ನೋಡೋಣ ಎಂದು ಇಬ್ಬರೂ ಕುಳಿತೆವು. ಗಾಡಿ ಬಂದು ನಿಂತದ್ದು, ಹಗ್ಗ ಬಿಚ್ಚಿದ್ದು, ಮೊದಲ ಸಾಲು ಇಳಿದದ್ದು ಎಲ್ಲವೂ ಇತ್ತು. ಅಲ್ಲಿಂದ ಮುಂದೆ ಆರು ನಿಮಿಷಗಳ ದೃಶ್ಯವೇ ಇರಲಿಲ್ಲ, ಆಮೇಲೆ ಖಾಲಿ ಗಾಡಿ ಕಾಣಿಸಿತು. ದಾಖಲೆ ನಮ್ಮದು, ತಪ್ಪಿದ್ದೂ ನಮ್ಮದೇ ಆದ್ದರಿಂದ 84 ಪೆಟ್ಟಿಗೆಗಳ ಹಣವನ್ನೇ ಕೊಟ್ಟೆವು. ಆದರೆ ನಿಜವಾದ ಎಣಿಕೆ ಏನಾಗಿತ್ತೆಂಬುದು ಅವರಿಗೂ ನಮಗೂ ಇಂದಿಗೂ ಗೊತ್ತಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಆಗ ಕ್ಯಾಮೆರಾಗಳ ದೃಶ್ಯ ಉಳಿಸುವ ರೆಕಾರ್ಡರಿನಲ್ಲಿದ್ದದ್ದು ಕಚೇರಿಯ ಕಂಪ್ಯೂಟರಿನಿಂದ ತೆಗೆದು ಹಾಕಿದ್ದ 4 ಟಿಬಿ ಡಿಸ್ಕ್. ಎಂಟು ಕ್ಯಾಮೆರಾಗಳು ತಲಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬರೆಯುತ್ತಿದ್ದವು. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಒಂದು ಕ್ಯಾಮೆರಾದಿಂದ ಸೆಕೆಂಡಿಗೆ ಅರ್ಧ ಮೆಗಾಬೈಟ್, ದಿನಕ್ಕೆ 43.2 ಜಿಬಿ. ಎಂಟಕ್ಕೆ 345.6 ಜಿಬಿ, ವರ್ಷಕ್ಕೆ ಸುಮಾರು 126 ಟಿಬಿ. ಮೇಜಿನ ಕಂಪ್ಯೂಟರಿನ ಡಿಸ್ಕ್‌ಗಳ ವಿವರಪತ್ರ ತೆರೆದರೆ ವರ್ಷಕ್ಕೆ 55 ಟಿಬಿಯ ಹೊರೆಯನ್ನು ಸಾಮಾನ್ಯವಾಗಿ ನಮೂದಿಸಿರುತ್ತಾರೆ. ಕೆಲವಕ್ಕೆ ವರ್ಷಕ್ಕೆ 2400 ಗಂಟೆಗಳ ಓಟವೆಂದೂ ಬರೆದಿರುತ್ತದೆ. ರೆಕಾರ್ಡರ್ ಹಗಲಿರುಳು ನಡೆಯುವುದರಿಂದ ವರ್ಷಕ್ಕೆ ಆಗುವುದು 8760 ಗಂಟೆ. ಅಂದರೆ ಆ ಡಿಸ್ಕ್‌ಗೆ ಹೇಳಿದ ಕೆಲಸಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಬರವಣಿಗೆಯನ್ನು, ಮೂರೂವರೆ ಪಟ್ಟು ಹೆಚ್ಚು ಹೊತ್ತು, ಗಾಳಿಯಾಡದ ಕಪಾಟಿನೊಳಗೆ ನಾವು ಮಾಡಿಸುತ್ತಿದ್ದೆವು.

ಆರು ನಿಮಿಷ ಮಾಯವಾದದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಎರಡು ಬಗೆಯ ಡಿಸ್ಕ್‌ಗಳ ಮುಖ್ಯ ವ್ಯತ್ಯಾಸ ಇರುವುದು ಇಲ್ಲಿಯೇ. ಕಂಪ್ಯೂಟರಿನ ಡಿಸ್ಕ್ ಲೆಕ್ಕದ ಪುಸ್ತಕ ಕಾಯುವ ಗುಮಾಸ್ತನಂತೆ: ಒಂದು ಅಂಕಿ ಅಳಿಸಿದ್ದರೂ ಅದನ್ನು ಮತ್ತೆ ಮತ್ತೆ ಓದಿ ಬಿಡಿಸಲು ಎಷ್ಟೋ ಸೆಕೆಂಡುಗಳನ್ನು ಕಳೆಯುತ್ತದೆ. ಲೆಕ್ಕಕ್ಕೆ ಅದೇ ಸರಿ. ಆದರೆ ಕ್ಯಾಮೆರಾಗಳು ಕಾಯುವುದಿಲ್ಲ. ಡಿಸ್ಕ್ ಒಂದು ಕೆಟ್ಟ ಜಾಗದಲ್ಲಿ ಸಿಕ್ಕಿಕೊಂಡಿರುವಾಗ ರೆಕಾರ್ಡರಿನ ಸಣ್ಣ ಸ್ಮರಣೆ ತುಂಬಿ ಹರಿಯುತ್ತದೆ, ಹಾಗೆ ಹರಿದುಹೋದ ದೃಶ್ಯ ಎಲ್ಲಿಯೂ ಉಳಿಯುವುದಿಲ್ಲ. ಕಣ್ಗಾವಲಿನ ಡಿಸ್ಕ್‌ಗಳು ನಿಗದಿತ ಸಮಯದೊಳಗೆ ಬರೆಯಲಾಗದ ಚೂರನ್ನು ಬಿಟ್ಟು ಮುಂದೆ ಸಾಗುವಂತೆ ರೂಪಿಸಲ್ಪಟ್ಟಿರುತ್ತವೆ. ಚಿತ್ರದ ಮೂಲೆಯಲ್ಲಿ ಕ್ಷಣಕಾಲ ಒಂದು ಚೌಕ ಕಲೆಸಿಹೋಗಬಹುದು, ಆದರೆ ಗಾಡಿ ಕಾಣುತ್ತಲೇ ಇರುತ್ತದೆ. ಆ ಹಳೆಯ ಡಿಸ್ಕ್‌ನ ಸ್ಮಾರ್ಟ್ ಪಟ್ಟಿಯನ್ನು (ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಬರೆದಿಡುವ ಲೆಕ್ಕ) ಆಮೇಲೆ ತೆರೆದಾಗ, ದೃಶ್ಯ ಬರೆಯುವ ಸಣ್ಣ ಚೂರುಗಳಾದ, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ನೂರನ್ನು ಮೀರಿತ್ತು. ಅದನ್ನು ತಿಂಗಳಿಗೊಮ್ಮೆ ನೋಡುವ ಅಭ್ಯಾಸ ಆಗ ನನಗಿರಲಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿರಬಹುದು. ಕಂಪ್ಯೂಟರಿನ ಅಗ್ಗದ ಡಿಸ್ಕ್‌ಗಳಲ್ಲಿ ಹಲವು ಎಸ್‌ಎಂಆರ್ ಎಂಬ ಕ್ರಮದಲ್ಲಿ ಬರೆಯುತ್ತವೆ. ಮಂಗಳೂರು ಹೆಂಚು ಹೊದಿಸಿದಂತೆ ಒಂದು ಪಥದ ಅಂಚಿನ ಮೇಲೆ ಇನ್ನೊಂದು ಪಥ ಕೂತಿರುತ್ತದೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನವನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಹಳೆಯ ದೃಶ್ಯವನ್ನು ಅಳಿಸುತ್ತ ಹಲವು ಕ್ಯಾಮೆರಾಗಳ ಹೊಸ ದೃಶ್ಯವನ್ನು ಒಟ್ಟಿಗೆ ಬರೆಯುವ ರೆಕಾರ್ಡರಿಗೆ ಈ ಕ್ರಮ ಒಗ್ಗುವುದಿಲ್ಲ. ಪಥಗಳು ಬಿಡಿಬಿಡಿಯಾಗಿರುವ ಸಿಎಂಆರ್ ಡಿಸ್ಕ್ ಬೇಕು. ಒಂದೇ ಹೆಸರಿನ ಸಾಲಿನಲ್ಲಿಯೂ ಬೇರೆ ಬೇರೆ ಗಾತ್ರಗಳಿಗೆ ಬೇರೆ ಬೇರೆ ಕ್ರಮ ಇರಬಹುದಾದ್ದರಿಂದ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಮಾದರಿ ಸಂಖ್ಯೆಯ ವಿವರಪತ್ರವನ್ನೇ ನೋಡಬೇಕು.

ಎರಡನೆಯ ಪ್ರಯತ್ನ ಬೇಗ ಮುಗಿಯಿತು. ಬೆಂಗಳೂರಿನ ಒಂದು ಅಂಗಡಿಯಿಂದ ಹೊಸತೆಂಬ ಮಾತಿನ ಮೇಲೆ ತಂದ 10 ಟಿಬಿ ಸರ್ವರ್ ಡಿಸ್ಕ್ ಅರ್ಧದಷ್ಟು ಬೆಲೆಗೆ ಸಿಕ್ಕಿತ್ತು. ಹಾಕಿದ ದಿನವೇ ಓಟದ ಗಂಟೆಗಳನ್ನು ನೋಡಿದರೆ 31,000ಕ್ಕೂ ಹೆಚ್ಚು, ಅಂದರೆ ಮೂರೂವರೆ ವರ್ಷ ಬಿಡುವಿಲ್ಲದೆ ತಿರುಗಿದ ಡಿಸ್ಕ್. ಅದನ್ನು ಹಿಂತಿರುಗಿಸಿದೆ. ಸರ್ವರ್ ಡಿಸ್ಕ್ ಹೊಸತಾಗಿದ್ದರೆ ಹೊರೆಯ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ, ಆದರೆ ಆಗ ಬೆಲೆಯ ಲಾಭವೂ ಉಳಿಯುವುದಿಲ್ಲ. ಯಾವ ಡಿಸ್ಕ್ ತಂದರೂ ಮೊದಲು ಈ ಗಂಟೆಗಳನ್ನು ನೋಡುವುದು, ಸರಣಿ ಸಂಖ್ಯೆಯನ್ನು ತಯಾರಕರ ವಾರಂಟಿ ಪುಟದಲ್ಲಿ ಹಾಕಿ ಪರೀಕ್ಷಿಸುವುದು, ಇವೆರಡನ್ನೂ ಹಣ ಕೊಡುವ ಮುನ್ನವೇ ಮಾಡಿಕೊಳ್ಳುವುದು ಒಳ್ಳೆಯದು.

ಆಮೇಲೆ ಪರ್ಪಲ್ ಮತ್ತು ಸ್ಕೈಹಾಕ್ ಎರಡನ್ನೂ ತಂದು, ಎರಡು ಡಿಸ್ಕ್ ಹಿಡಿಸುವ ಒಂದೇ ರೆಕಾರ್ಡರಿನಲ್ಲಿ ಅಕ್ಕಪಕ್ಕ ಕೂರಿಸಿದೆ. ಅಷ್ಟು ಹೊತ್ತಿಗೆ ಕ್ಯಾಮೆರಾಗಳು ಹನ್ನೆರಡಾಗಿದ್ದವು: ಎಂಟು 4 ಮೆಗಾಬಿಟ್‌ನವು, ಓಣಿ ಮತ್ತು ಗೋದಾಮಿನ ನಾಲ್ಕು 2 ಮೆಗಾಬಿಟ್‌ನವು. ಒಟ್ಟು 40 ಮೆಗಾಬಿಟ್, ದಿನಕ್ಕೆ 432 ಜಿಬಿ. ರೆಕಾರ್ಡರನ್ನು ಅದರ ಪಾಡಿಗೆ ಬಿಟ್ಟರೆ ಒಂದು ಡಿಸ್ಕ್ ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುತ್ತದೆ. ಹಾಗಾದಾಗ ಒಂದು ಡಿಸ್ಕ್ ಕೆಟ್ಟರೆ ಅಷ್ಟೂ ದಿನಗಳ ಎಲ್ಲ ಕ್ಯಾಮೆರಾಗಳ ದೃಶ್ಯವೂ ಹೋಗುತ್ತದೆ. ಅದರ ಬದಲು, ಯಾವ ಕ್ಯಾಮೆರಾ ಯಾವ ಡಿಸ್ಕ್‌ಗೆ ಎಂದು ನಾವೇ ಗೊತ್ತುಪಡಿಸುವ ಗುಂಪಿನ ವ್ಯವಸ್ಥೆಯಲ್ಲಿ ಕ್ಯಾಮೆರಾಗಳನ್ನು ಎರಡು ಡಿಸ್ಕ್‌ಗಳಿಗೆ ಸಮನಾಗಿ ಹಂಚಿದೆ. ಪೆಟ್ಟಿಗೆ ಇಳಿಸುವ ಜಾಗವನ್ನು ಎದುರುಬದುರಾಗಿ ನೋಡುವ ಎರಡು ಕ್ಯಾಮೆರಾಗಳಲ್ಲಿ ಒಂದು ಪರ್ಪಲ್‌ಗೆ, ಇನ್ನೊಂದು ಸ್ಕೈಹಾಕ್‌ಗೆ ಹೋಯಿತು. ಯಾವುದೇ ಡಿಸ್ಕ್ ನಿಂತರೂ ಆ ಜಾಗದ ಒಂದು ನೋಟವಾದರೂ ಉಳಿಯುತ್ತದೆ. ನಾನು ಮಾಡಿದ ಏರ್ಪಾಡುಗಳಲ್ಲೆಲ್ಲ ಇದೇ ಅತ್ಯಂತ ಉಪಯುಕ್ತವಾದದ್ದು, ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹೋಲಿಕೆಗೂ ಅದು ಒದಗಿಬಂತು: ಒಂದೇ ಗಾಡಿ, ಒಂದೇ ನಿಮಿಷ, ಎರಡು ಡಿಸ್ಕ್.

ಕಾಗದದ ಮೇಲೆ ಇವೆರಡೂ ಅವಳಿಗಳಂತಿವೆ. ಎರಡಕ್ಕೂ ವರ್ಷಕ್ಕೆ 180 ಟಿಬಿ ಹೊರೆ, 64 ಕ್ಯಾಮೆರಾಗಳವರೆಗೆ ಎಂಬ ಮಾತು, ಮೂರು ವರ್ಷಗಳ ವಾರಂಟಿ. ಹಂಚಿಕೆಯಾದ ಮೇಲೆ ನಮ್ಮಲ್ಲಿ ಒಂದೊಂದಕ್ಕೂ ಬೀಳುತ್ತಿದ್ದದ್ದು ವರ್ಷಕ್ಕೆ 79 ಟಿಬಿ ಮಾತ್ರ. 64 ಎಂಬ ಅಂಕಿಯನ್ನು ನೋಡಿ ಕೊಳ್ಳುವ ಅಗತ್ಯ ಹದಿನಾರು ಕ್ಯಾಮೆರಾಗಳೊಳಗಿನ ಯಾರಿಗೂ ಇಲ್ಲ. ಹತ್ತಾರು ಡಿಸ್ಕ್‌ಗಳು ಒಂದೇ ಪೆಟ್ಟಿಗೆಯಲ್ಲಿ ನಡುಗುವಾಗ ನೆರವಾಗುವ ಕಂಪನ ಸಂವೇದಕದ ಮಾತೂ ನಮ್ಮಂಥ ಎರಡು ಡಿಸ್ಕ್‌ಗಳ ರೆಕಾರ್ಡರಿಗೆ ನಿರ್ಣಾಯಕವಲ್ಲ. ಒಂದು ಪೂರ್ತಿ ಹಂಗಾಮಿನಲ್ಲಿ ಎರಡರ ದೃಶ್ಯಗಳಲ್ಲಿಯೂ ಒಂದು ಕಡಿತವೂ ನನಗೆ ಸಿಗಲಿಲ್ಲ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಎರಡೂ 46ರಿಂದ 49 ಡಿಗ್ರಿಯೊಳಗೆ ಇದ್ದವು. ಹೊಂದಿಕೆಯಾಗುವ ರೆಕಾರ್ಡರ್ ಇದ್ದರೆ ಸ್ಕೈಹಾಕ್ ತನ್ನ ಆರೋಗ್ಯದ ಮುನ್ಸೂಚನೆಯನ್ನು ಪರದೆಯ ಮೇಲೆಯೇ ತೋರಿಸುತ್ತದೆ. ಮಂಡಿಯ ಹುಡುಗರಿಗೆ ಸ್ಮಾರ್ಟ್ ಪಟ್ಟಿ ಓದುವುದನ್ನು ಕಲಿಸುವುದಕ್ಕಿಂತ ಇದು ಸುಲಭ. ಅಷ್ಟು ಬಿಟ್ಟರೆ, ಇವೆರಡರಲ್ಲಿ ನಿಮ್ಮೂರಿನಲ್ಲಿ ಯಾವುದು ಬಿಲ್ಲಿನ ಸಮೇತ, ಮುದ್ರೆ ಒಡೆಯದ ಪೊಟ್ಟಣದಲ್ಲಿ ಸಿಗುತ್ತದೋ ಅದನ್ನು ತೆಗೆದುಕೊಳ್ಳಬಹುದು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಗಾತ್ರದ ಲೆಕ್ಕದಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. 8 ಟಿಬಿಯ ಡಿಸ್ಕ್ ಹಾಕಿದಾಗ ರೆಕಾರ್ಡರ್ 7452 ಜಿಬಿ ಎಂದು ತೋರಿಸುತ್ತದೆ. ಮೋಸವೇನೂ ಆಗಿಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ರೆಕಾರ್ಡರ್ 1024ರ ಲೆಕ್ಕದಲ್ಲಿ. ಆದರೆ ಡಿವಿಆರ್ ಎಂಬ ಹಳೆಯ ರೆಕಾರ್ಡರ್‌ಗಳ ವಿಷಯ ಬೇರೆ. ಅವುಗಳಲ್ಲಿ ಕೆಲವು 2 ಟಿಬಿಯ ಮೇಲೆ ಗುರುತಿಸುವುದೇ ಇಲ್ಲ, ಇನ್ನು ಕೆಲವಕ್ಕೆ ಡಿಸ್ಕ್ ಕೂರಿಸುವ ಒಂದೊಂದು ಜಾಗಕ್ಕೆ 6 ಅಥವಾ 8 ಟಿಬಿಯ ಮಿತಿ ಇರುತ್ತದೆ. ದೊಡ್ಡ ಡಿಸ್ಕ್ ತರುವ ಮುನ್ನ ರೆಕಾರ್ಡರಿನ ಕೈಪಿಡಿ ನೋಡದಿದ್ದರೆ ಹಣ ವ್ಯರ್ಥವಾಗುತ್ತದೆ.

ಎಷ್ಟು ದಿನಗಳ ದೃಶ್ಯ ಬೇಕು ಎಂಬುದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿಗಾಗಿ ಕರ್ನಾಟಕ 2017ರಲ್ಲಿ ತಂದ ಕಾಯಿದೆ, ಹೆಚ್ಚು ಜನ ಸೇರುವ ಸಂಸ್ಥೆಗಳಲ್ಲಿ ಕ್ಯಾಮೆರಾಗಳ ದೃಶ್ಯವನ್ನು 30 ದಿನ ಉಳಿಸಿಕೊಳ್ಳಬೇಕೆಂದು ಹೇಳುತ್ತದೆ. ವ್ಯಾಪಾರದ ಅನುಭವವೂ ಅದನ್ನೇ ಹೇಳುತ್ತದೆ, ಏಕೆಂದರೆ ಉತ್ತರದ ರಾಜ್ಯಗಳಿಗೆ ಹೋದ ಲಾರಿಯ ತಕರಾರು ಕೆಲವೊಮ್ಮೆ ಮೂರು ವಾರಗಳಾದ ಮೇಲೆ ಬರುತ್ತದೆ. ಹನ್ನೆರಡು ಕ್ಯಾಮೆರಾಗಳಿಗೆ ಎರಡು 8 ಟಿಬಿಯಿಂದ ನಮಗೆ 37 ದಿನ ಸಿಗುತ್ತಿತ್ತು. ಹಳೆಯ 4 ಟಿಬಿ ಡಿಸ್ಕ್‌ನಲ್ಲಿ ಸಿಗುತ್ತಿದ್ದದ್ದು ಹನ್ನೊಂದೇ ದಿನ.

ಕಳೆದ ವರ್ಷ ಇನ್ನೂ ನಾಲ್ಕು ಕ್ಯಾಮೆರಾಗಳು ಸೇರಿದವು. ಒಟ್ಟು 56 ಮೆಗಾಬಿಟ್, ದಿನಕ್ಕೆ 605 ಜಿಬಿ, 30 ದಿನಕ್ಕೆ 18 ಟಿಬಿಗೂ ಸ್ವಲ್ಪ ಹೆಚ್ಚು. ಎರಡು 8 ಟಿಬಿಗಳಲ್ಲಿ 26 ದಿನವಷ್ಟೇ ಆಯಿತು. ಆಗ ಎರಡು 10 ಟಿಬಿಯ ಸ್ಕೈಹಾಕ್ ಎಐ ತಂದೆ. ಇದಕ್ಕೂ ಇದರ ಎದುರಾಳಿಯಾದ ಪರ್ಪಲ್ ಪ್ರೊಗೂ ವರ್ಷಕ್ಕೆ 550 ಟಿಬಿ ಹೊರೆ, ಐದು ವರ್ಷಗಳ ವಾರಂಟಿ. ಮುಖ ಗುರುತಿಸುವಂಥ ಕೆಲಸಗಳ ಹೆಚ್ಚುವರಿ ಬರವಣಿಗೆಯನ್ನೂ ತಡೆಯುವಂತೆ ಇವೆರಡನ್ನೂ ಮಾಡಿದ್ದಾರೆ, ಆದರೆ ನಮ್ಮ ಮಂಡಿಗೆ ಆ ಕೆಲಸವಿಲ್ಲ. ಹಂಚಿಕೆಯ ಲೆಕ್ಕದಲ್ಲಿ ಒಂದೊಂದಕ್ಕೆ ವರ್ಷಕ್ಕೆ 110 ಟಿಬಿ ಆಗುವುದರಿಂದ ಸಾಮಾನ್ಯ ದರ್ಜೆಯೇ ಸಾಕಿತ್ತೆಂದು ಯಾರಾದರೂ ಕೇಳಬಹುದು. ಎರಡೂ ಸರಿಯಿರುವವರೆಗೆ ಸಾಕು. ಒಂದು ನಿಂತ ದಿನ ಹದಿನಾರೂ ಕ್ಯಾಮೆರಾಗಳನ್ನು ಉಳಿದ ಒಂದಕ್ಕೇ ತಿರುಗಿಸಬೇಕಾಗುತ್ತದೆ, ಆಗ ಅದರ ಮೇಲೆ ವರ್ಷಕ್ಕೆ 220 ಟಿಬಿಯ ವೇಗದಲ್ಲಿ ಬರವಣಿಗೆ ಬೀಳುತ್ತದೆ. ಜುಲೈ ತಿಂಗಳ ನಡುವೆ ಹಾಗಾದರೆ ಹೊಸ ಡಿಸ್ಕ್ ತಂದು ಹಾಕಲು ಪುರುಸೊತ್ತು ಸಿಗುವುದಿಲ್ಲ. ನಾನು ಹೆಚ್ಚು ಹಣ ಕೊಟ್ಟದ್ದು ಆ ದಿನಗಳಿಗಾಗಿ. ವಾರಂಟಿಯಲ್ಲಿ ಸಿಗುವುದು ಹೊಸ ಡಿಸ್ಕ್ ಮಾತ್ರ, ಕಳೆದ ದೃಶ್ಯವಲ್ಲ. ಸೀಗೇಟ್ ಈ ದರ್ಜೆಯೊಂದಿಗೆ ದತ್ತಾಂಶ ಮರಳಿ ಪಡೆಯುವ ಮೂರು ವರ್ಷಗಳ ಸೇವೆಯನ್ನೂ ಸೇರಿಸಿ ಕೊಡುತ್ತದೆ, ಅದನ್ನು ಬಳಸುವ ಸಂದರ್ಭ ನಮಗೆ ಬಂದಿಲ್ಲ.

ಮೇಲ್ದರ್ಜೆಯ ಈ ಡಿಸ್ಕ್‌ಗಳು ನಿಮಿಷಕ್ಕೆ 7200 ಸುತ್ತು ತಿರುಗುವುದರಿಂದ ಶಾಖ ಹೆಚ್ಚು. ಅದೇ ಕಪಾಟಿನಲ್ಲಿ 54 ಡಿಗ್ರಿ ಕಂಡ ಮೇಲೆ ಕಪಾಟಿನ ಹಿಂಬದಿಗೆ ಜಾಲರಿ ಹಾಕಿಸಿ, ಧೂಳು ತಡೆಯಲು ಅದಕ್ಕೆ ತೆಳುವಾದ ಬಟ್ಟೆ ಕಟ್ಟಿ, ಒಂದು ಸಣ್ಣ ಫ್ಯಾನ್ ಇಟ್ಟೆ. ಈಗ 47ರ ಆಸುಪಾಸಿನಲ್ಲಿದೆ. ಇನ್ನೊಂದು ವಿಷಯ ವಿದ್ಯುತ್ತಿನದು. ತಿರುಗಲು ಆರಂಭಿಸುವ ಕ್ಷಣದಲ್ಲಿ ಇಂಥ ಒಂದೊಂದು ಡಿಸ್ಕ್ 12 ವೋಲ್ಟ್‌ನಲ್ಲಿ ಎರಡು ಆಂಪಿಯರ್‌ನಷ್ಟು ಎಳೆಯುತ್ತದೆ. ರೆಕಾರ್ಡರಿನ ಜೊತೆ ಬಂದಿದ್ದ ಅಡಾಪ್ಟರ್ ಎರಡನ್ನೂ ಎಬ್ಬಿಸಲಾರದೆ, ಕರೆಂಟ್ ಹೋಗಿ ಬಂದಾಗಲೆಲ್ಲ ರೆಕಾರ್ಡರ್ ಆರಿ ಹೊತ್ತಿ ಮಾಡುತ್ತಿತ್ತು. ಡಿಸ್ಕ್ ದೋಷವೆಂದೇ ನಾನು ಎರಡು ದಿನ ನಂಬಿದ್ದೆ. ಹೆಚ್ಚು ಆಂಪಿಯರ್‌ನ ಅಡಾಪ್ಟರ್ ಹಾಕಿ, ರೆಕಾರ್ಡರಿಗೆ ಮಾತ್ರ ಮೀಸಲಾದ ಯುಪಿಎಸ್ ಕೊಟ್ಟ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಬಿಡುವಾದ 8 ಟಿಬಿಯ ಎರಡು ಡಿಸ್ಕ್‌ಗಳು ಈಗ ಮುಳಬಾಗಿಲಿನ ನಮ್ಮ ಸಂಬಂಧಿಕರ ಗೋದಾಮಿನಲ್ಲಿ ಎಂಟು ಕ್ಯಾಮೆರಾಗಳಿಗೆ ದುಡಿಯುತ್ತಿವೆ. ಪ್ರತಿ ತಿಂಗಳ ಮೊದಲ ಸೋಮವಾರ ಅವುಗಳ ಕೆಟ್ಟ ಸೆಕ್ಟರ್‌ಗಳ ಲೆಕ್ಕವನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತೇನೆ, ಈವರೆಗೆ ಎರಡರಲ್ಲಿಯೂ ಸೊನ್ನೆಯೇ ಇದೆ.